ಕ್ಷೀರಸಾಗರಕ್ಕೆ ಲ್ಯಾಕ್ಟೋಮೀಟರ್

ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ನಮ್ಮ ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶದ ಮೂರನೆಯ ದಿನ ಸಂಜೆ ನಡೆದ ಧಾರ್ಮಿಕ ಸಭೆಗೆ ಉಪನ್ಯಾಸ ಮಾಡಲು ಬಂದವರು ಪುರಾಣಿಕರಲ್ಲ, ನಿವೃತ್ತ ಇಂಜಿನಿಯರರು. ಚಪ್ಪರದಲ್ಲಿ ಬಿಳಿ ಪರದೆ ಕಟ್ಟಿಸಿ, ಪ್ರೊಜೆಕ್ಟರ್ ಇರಿಸಿ, ಕೆಂಪು ಚುಕ್ಕೆ ಬೀಳಿಸುವ ಕಡ್ಡಿಯೊಂದನ್ನು ಕೈಯಲ್ಲಿ ಹಿಡಿದು, ನಮ್ಮ ಋಷಿಗಳಿಗೆ ರೂಪಕವೆಂಬುದು ಗೊತ್ತೇ ಇರಲಿಲ್ಲ ಎಂದು ಅವರು ಒಂದೂವರೆ ಗಂಟೆ ಕಾಲ ಸಾಧಿಸಿದರು. ಅವರು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ ಎಂಬುದು ನಿಜ. ಗ್ರಂಥದಲ್ಲಿರುವ ಪ್ರತಿಯೊಂದು ಅಕ್ಷರವೂ ಹಾಗೆಹಾಗೆಯೇ ವಿಜ್ಞಾನ ಎಂದರು. ಎರಡೂ ಒಂದೇ ಮಾತು.

ಪರದೆಯ ಮೇಲೆ ಮೊದಲು ಮೂಡಿದ್ದು ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಸಪ್ತಸಾಗರ: ಉಪ್ಪುನೀರಿನದು, ಕಬ್ಬಿನ ರಸದ್ದು, ಸುರೆಯದು, ತುಪ್ಪದ್ದು, ಹಾಲಿನದು, ಮೊಸರಿನದು, ಕಟ್ಟಕಡೆಗೆ ಸಿಹಿನೀರಿನದು. ನಟ್ಟನಡುವಿನ ಜಂಬೂದ್ವೀಪದ ಅಗಲವೇ ಒಂದು ಲಕ್ಷ ಯೋಜನ. ಅಲ್ಲಿಂದಾಚೆಗೆ ಪ್ರತಿಯೊಂದು ದ್ವೀಪವೂ ಹಿಂದಿನದರ ಇಮ್ಮಡಿ. ಯೋಜನಕ್ಕೆ ಎಂಟು ಮೈಲಿಯೆಂದು ಹಿಡಿದರೆ ಜಂಬೂದ್ವೀಪವೊಂದೇ ಭೂಮಿಯ ವ್ಯಾಸದ ನೂರು ಪಟ್ಟಾಗುತ್ತದೆ. ಕೊಡಪಾನದೊಳಗೆ ಕೆರೆಯನ್ನು ಇಳಿಸಿದ ಹಾಗೆ. ಈ ಇಕ್ಕಟ್ಟನ್ನು ಉಪನ್ಯಾಸಕರು ಕ್ಷಣಮಾತ್ರದಲ್ಲಿ ಪರಿಹರಿಸಿದರು. ಕ್ಷೀರಸಾಗರವೆಂದರೆ ಕ್ಷೀರಪಥವಂತೆ, ಅಂದರೆ ನಮ್ಮ ನಕ್ಷತ್ರಮಂಡಲ. ಅಕ್ಷರಶಃ ಎಂದು ಹೊರಟವರು ಎರಡನೆಯ ಚಿತ್ರದಲ್ಲಿಯೇ ರೂಪಕದ ಕಾಲು ಹಿಡಿದದ್ದನ್ನು ಯಾರೂ ಗಮನಿಸಲಿಲ್ಲ. ಮೊಸರಿನ ಸಮುದ್ರಕ್ಕೆ ಸರಿಹೊಂದುವ ನಕ್ಷತ್ರಮಂಡಲ ಸಿಗದ ಕಾರಣ ಪರದೆಯ ಮೇಲಿನ ಚಿತ್ರ ಬೇಗನೆ ಬದಲಾಯಿತು. ವಿಷ್ಣುಪುರಾಣದಲ್ಲಿ ಮೊಸರಿನ ಕಡಲು ಮೊದಲು, ಹಾಲಿನದು ಆಮೇಲೆ ಎಂಬ ಸಂಗತಿಯನ್ನೂ ಅವರು ಎತ್ತಲಿಲ್ಲ. ಮೊಸರಿನಿಂದ ಹಾಲಿಗೆ ಮರಳುವ ವಿದ್ಯೆ ನಮ್ಮ ಅಡಿಗೆಮನೆಯಲ್ಲಂತೂ ಇನ್ನೂ ಸಿದ್ಧಿಸಿಲ್ಲ.

ನನ್ನ ಪಕ್ಕದ ಕುರ್ಚಿಯಲ್ಲಿದ್ದವನು ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವ ಹುಡುಗ, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಬೆಳಗಿನ ಜಾವ ತಲೆಗೆ ಅಡಿಕೆ ಹಾಳೆಯ ಮಂಡಾಳೆ ಇಟ್ಟುಕೊಂಡು ಬಂದ ಬಡ ಹೆಂಗಸಿನ ಪಾತ್ರೆಯೊಳಗೆ ಗಾಜಿನ ಲ್ಯಾಕ್ಟೋಮೀಟರನ್ನು ಬಿಟ್ಟು, ಅದು ಒಂದು ಗೆರೆಯಷ್ಟು ಹೆಚ್ಚು ಮುಳುಗಿದರೂ ಮುಖ ಸಿಂಡರಿಸಿ, ‘ನೀರು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ನಿಷ್ಠುರ ಅವನು. ಎರಡು ಲೀಟರ್ ಹಾಲನ್ನು ನಂಬದವನು ಲಕ್ಷಾಂತರ ಯೋಜನಗಳ ಹಾಲಿಗೆ ಎದ್ದುನಿಂತು ಚಪ್ಪಾಳೆ ತಟ್ಟಿದ. ಮರುದಿನ ಸೊಸೈಟಿಯ ಮೆಟ್ಟಿಲ ಮೇಲೆ ಸಿಕ್ಕಿದಾಗ, ಆ ಕಡಲಿನ ಹಾಲಿಗೆ ಎಷ್ಟು ಡಿಗ್ರಿ ಬರಬಹುದು ಎಂದು ವಿಚಾರಿಸಿದೆ. ‘ಅದು ಬೇರೆ, ಇದು ಬೇರೆ ಮಾಷ್ಟ್ರೇ’ ಎಂದ. ಇಷ್ಟು ವರ್ಷ ಶಾಸ್ತ್ರಗ್ರಂಥಗಳ ಪುಟ ತಿರುವಿ ನಾನು ಹುಡುಕುತ್ತಿದ್ದ ವ್ಯಾಖ್ಯಾನಸೂತ್ರ ಹಾಲಿನ ಸೊಸೈಟಿಯ ಮೆಟ್ಟಿಲ ಮೇಲೆ ಸಿಕ್ಕಿತು.

ಈ ಸೂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಉಪನ್ಯಾಸಕರೇ ತೋರಿಸಿಕೊಟ್ಟಿದ್ದರು. ಹನುಮಾನ್ ಚಾಲೀಸಾದಲ್ಲಿ ಸೂರ್ಯನ ದೂರವನ್ನು ಯುಗ, ಸಹಸ್ರ, ಯೋಜನ ಎಂಬ ಮೂರು ಪದಗಳಲ್ಲಿ ಹೇಳಿದೆ. ಯುಗಕ್ಕೆ 12,000 ಎಂದೂ ಯೋಜನಕ್ಕೆ 8 ಮೈಲಿಯೆಂದೂ ಇಟ್ಟುಕೊಂಡು ಗುಣಿಸಿದರೆ 9.6 ಕೋಟಿ ಮೈಲಿಯಾಗುತ್ತದೆ. ನಿಜವಾದ ಸರಾಸರಿ ದೂರ ಸುಮಾರು 9.3 ಕೋಟಿ ಮೈಲಿ. ಸಭೆ ರೋಮಾಂಚಗೊಂಡಿತು. ಯುಗವೆಂಬುದು ಕಾಲದ ಲೆಕ್ಕವೇ ಹೊರತು ಗುಣಿಸಿ ದೂರ ತೆಗೆಯುವ ಸಂಖ್ಯೆಯಲ್ಲ ಎಂಬ ತಕರಾರನ್ನು ಬದಿಗಿಡೋಣ. ಅದೇ ದ್ವಿಪದಿಯ ಮುಂದಿನ ಸಾಲಿನಲ್ಲಿ ಹನುಮಂತನು ಆ ಸೂರ್ಯನನ್ನು ಸಿಹಿಯಾದ ಹಣ್ಣೆಂದು ತಿಳಿದು ನುಂಗುತ್ತಾನೆ. ಅಲ್ಲಿಗೆ ಬಂದಾಗ ಉಪನ್ಯಾಸಕರು ಅದು ಸಾಂಕೇತಿಕ ಎಂದರು. ಎರಡೇ ಸಾಲು; ದೂರ ಅಕ್ಷರಶಃ, ಹಣ್ಣು ಸಾಂಕೇತಿಕ.

ಊಟದ ಚಪ್ಪರದಲ್ಲಿ ಎಲೆ ಹಾಕುವ ಹೊತ್ತಿಗೆ ಅವರ ಪಕ್ಕದಲ್ಲಿಯೇ ಜಾಗ ಹಿಡಿದು, ಸೂರ್ಯನಿಗಿಂತ ಚಂದ್ರನು ಒಂದು ಲಕ್ಷ ಯೋಜನ ಮೇಲಿದ್ದಾನೆ ಎಂದು ಅದೇ ಐದನೆಯ ಸ್ಕಂಧದಲ್ಲಿದೆಯಲ್ಲ, ಅದನ್ನು ಹೇಗೆ ಗುಣಿಸುವುದು ಎಂದು ವಿನಯದಿಂದ ಕೇಳಿದೆ. ಪಾಯಸದ ಕಡೆಗೆ ದೃಷ್ಟಿಯಿಟ್ಟೇ, ‘ಅದು ಆಧ್ಯಾತ್ಮಿಕ ಚಂದ್ರ ಸರ್’ ಎಂದರು. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಆಕಾಶದಲ್ಲಿ ಕಂಕಣ ಸೂರ್ಯಗ್ರಹಣ ಕಂಡಾಗ ಸೂರ್ಯನ ಎದುರಿಗೆ ಬಂದು ನಿಂತದ್ದು ಯಾವ ಚಂದ್ರನೋ ತಿಳಿಯದು. ಚೆರುವತ್ತೂರಿನಲ್ಲಿ ಜನ ಸೇರಿ ಉಂಗುರ ನೋಡಿದರು. ನಮ್ಮ ಮನೆಯಲ್ಲಿ ಕುಡಿಯುವ ನೀರಿಗೆ ದರ್ಭೆ ಹಾಕಿ ಬಾಗಿಲು ಮುಚ್ಚಿಕೊಂಡರು. ಸ್ಪರ್ಶ, ಮಧ್ಯ, ಮೋಕ್ಷಗಳ ಕಾಲವನ್ನು ಪಂಚಾಂಗ ಮೊದಲೇ ಅಚ್ಚುಮಾಡಿ ಕೊಟ್ಟಿತ್ತು. ರಾಹುವನ್ನು ಚಂದ್ರನ ಹಾದಿಯ ಮೇಲಿನ ಒಂದು ಬಿಂದುವೆಂದು ಹಿಡಿಯದೆ ಆ ಲೆಕ್ಕ ಕೂಡುವುದಿಲ್ಲ. ಗ್ರಹಣವೆಂದರೆ ನೆರಳು ಎಂಬುದನ್ನು ಆರ್ಯಭಟನು 499ರಲ್ಲಿಯೇ ಬರೆದು ಮುಗಿಸಿದ್ದ. ಪಂಚಾಂಗದ ಪುಟದಲ್ಲಿ ಬಿಂದುವಾಗಿದ್ದ ರಾಹು ಗೋಡೆಯ ಮೊಳೆಯಿಂದ ಜಗಲಿಗೆ ಇಳಿಯುವಷ್ಟರಲ್ಲಿ ಬಾಯಿ ತೆರೆದ ಹಾವಾಗಿರುತ್ತಾನೆ.

ಹೆಮ್ಮೆಪಡಬಹುದಾದ ಸಾಲೆಲ್ಲ ಅಕ್ಷರಶಃ, ಕೈಕಚ್ಚುವ ಸಾಲೆಲ್ಲ ಸಾಂಕೇತಿಕ: ಹುಡುಗನ ಸೂತ್ರವನ್ನು ಹೀಗೆ ಬಿಡಿಸಬಹುದು. (ಇದು ಧರ್ಮಗ್ರಂಥಗಳಿಗೆ ಮಾತ್ರ ಸೀಮಿತವಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿಯನ್ನು ಕಾಸರಗೋಡಿನ ನಾವು ಅಕ್ಷರಶಃ ಓದಿದೆವು, ಓದಬೇಕಾದವರು ಸಾಂಕೇತಿಕವಾಗಿ ಓದಿದರು. ಇರಲಿ, ಅದು ಬೇರೆ, ಇದು ಬೇರೆ.)

ಹೆಮ್ಮೆಯ ವಿಭಾಗದಲ್ಲಿ ವಿಮಾನಕ್ಕೆ ಅಗ್ರಪೂಜೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದರೆನ್ನಲಾದ ವೈಮಾನಿಕ ಶಾಸ್ತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಕೂಲಂಕಷವಾಗಿ ಪರಿಶೀಲಿಸಿ, ಅದು ಇಪ್ಪತ್ತನೆಯ ಶತಮಾನದ ಕೃತಿ ಎಂದೂ ಅದರಲ್ಲಿ ವರ್ಣಿಸಿದ ಯಂತ್ರಗಳು ಹಾರುವಂಥವಲ್ಲ ಎಂದೂ 1974ರಲ್ಲಿಯೇ ಪ್ರಕಟಿಸಿದ್ದರು. ಆದರೂ 2015ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದೇ ಯಂತ್ರಗಳು ಹಿಂದಕ್ಕೂ ಹಾರುತ್ತಿದ್ದವೆಂದು ಪ್ರಬಂಧ ಮಂಡನೆಯಾಯಿತು. ಹಿಂದಕ್ಕೆ ಹಾರುತ್ತಿದ್ದವೆಂಬುದನ್ನು ನಾನು ನಂಬುತ್ತೇನೆ. ಪ್ರಬಂಧವೇ ಅದಕ್ಕೆ ಸಾಕ್ಷಿ. 2019ರಲ್ಲಿ ಜಲಂಧರದ ಅಧಿವೇಶನದಲ್ಲಿ ಕುಲಪತಿಯೊಬ್ಬರು, ರಾವಣನಲ್ಲಿ 24 ಬಗೆಯ ವಿಮಾನಗಳೂ ಲಂಕೆಯಲ್ಲಿ ವಿಮಾನ ನಿಲ್ದಾಣಗಳೂ ಇದ್ದವೆಂದು ಸಾರಿದರು. ನಾವಾದರೋ ಇಂದಿಗೂ ವಿಮಾನ ಹತ್ತಲು ಮಂಗಳೂರಿಗೋ ಕಣ್ಣೂರಿಗೋ ಹೋಗಬೇಕು. ರಾಕ್ಷಸರಾಗಿ ಹುಟ್ಟದ ತಪ್ಪು ನಮ್ಮದು.

ಈ ಕಾಯಿಲೆ ನಮ್ಮವರಿಗೆ ಮಾತ್ರ ತಗಲಿದ್ದೆಂದು ಕೊರಗಬೇಕಾಗಿಲ್ಲ. ಅಮೆರಿಕದ ಕೆಂಟಕಿಯಲ್ಲಿ ಬೈಬಲಿನ ಮೊಳದಳತೆಗೆ ಸರಿಯಾಗಿ 510 ಅಡಿ ಉದ್ದದ ನೋಹನ ನಾವೆಯನ್ನು ಕಟ್ಟಿ, 2016ರಲ್ಲಿ ಟಿಕೆಟು ಇಟ್ಟು ತೆರೆದರು. ಮಹಾಪ್ರಳಯ ಅಕ್ಷರಶಃ ನಡೆಯಿತೆಂದು ಸಾಧಿಸುವುದಕ್ಕಾಗಿಯೇ ನಿಂತ ಆ ನಾವೆಯ ಮಾಲಿಕರು, ಜೋರು ಮಳೆಗೆ ಅಲ್ಲಿಗೆ ಹೋಗುವ ರಸ್ತೆಯ ಬದಿ ಕುಸಿದಾಗ, ನಷ್ಟ ತುಂಬಿಕೊಡಲಿಲ್ಲವೆಂದು ವಿಮಾ ಕಂಪನಿಗಳ ಮೇಲೆ 2019ರಲ್ಲಿ ದಾವೆ ಹೂಡಿದರು. ನಲವತ್ತು ದಿನದ ಮಳೆಗೆ ನೋಹ ಯಾರಲ್ಲಿ ವಿಮೆ ಮಾಡಿಸಿದ್ದನೋ! ಐಶ್ವರ್ಯವಂತನು ದೇವರ ರಾಜ್ಯವನ್ನು ಹೊಗುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತೂ ಅದೇ ಬೈಬಲಿನಲ್ಲಿದೆ. ಅದಕ್ಕೆ, ‘ಸೂಜಿಯ ಕಣ್ಣು’ ಎಂಬ ಕಿರುಬಾಗಿಲೊಂದು ಜೆರುಸಲೇಮಿನಲ್ಲಿತ್ತು, ಹೊರೆ ಇಳಿಸಿ ಮೊಣಕಾಲೂರಿದರೆ ಒಂಟೆ ಒಳಗೆ ತೂರುತ್ತಿತ್ತು ಎಂಬ ವಿವರಣೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅಂಥ ಬಾಗಿಲಿಗೆ ಆಧಾರ ಯಾರಿಗೂ ಸಿಕ್ಕಿಲ್ಲ. ದುಡ್ಡಿದ್ದವರು ಮಾತ್ರ ಅದರಲ್ಲಿ ನಿರಾತಂಕವಾಗಿ ಓಡಾಡುತ್ತಿದ್ದಾರೆ.

ನಿಜವಾಗಿ ಹಳಬರು ಇಷ್ಟು ದಡ್ಡರಾಗಿರಲಿಲ್ಲ ಎಂಬುದೇ ಈ ಉಪನ್ಯಾಸಗಳಲ್ಲಿ ಮುಚ್ಚಿಹೋಗುವ ಸತ್ಯ. ವೇದದಲ್ಲಿ ಇಂದ್ರನು ಕೊಲ್ಲುವ ವೃತ್ರನೆಂದರೆ ಯಾರು ಎಂಬ ಪ್ರಶ್ನೆಯನ್ನು ಎತ್ತಿಕೊಂಡ ಯಾಸ್ಕನು, ಪದಗಳ ಮೂಲ ಹುಡುಕುವ ನೈರುಕ್ತರ ಪ್ರಕಾರ ಅದು ಮೋಡ, ಐತಿಹಾಸಿಕರ ಪ್ರಕಾರ ತ್ವಷ್ಟೃವಿನ ಮಗನಾದ ಅಸುರ ಎಂದು ಎರಡು ಪಕ್ಷಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟು, ಮಳೆ ಸುರಿಯುವುದನ್ನೇ ಯುದ್ಧವಾಗಿ ವರ್ಣಿಸಿದ್ದಾರೆ ಎಂದು ನಿರುಕ್ತದಲ್ಲಿ ಬರೆದ. ಯಜ್ಞಪಶುವನ್ನು ಕಟ್ಟುವ ಯೂಪಸ್ತಂಭವೇ ಸೂರ್ಯ ಎಂಬ ವೇದವಾಕ್ಯ ಎದುರಾದಾಗ ಮೀಮಾಂಸಕರು ಮರದ ಕಂಬಕ್ಕೆ ಬೆಂಕಿ ಹತ್ತಿಕೊಂಡೀತೆಂದು ಹೆದರಲಿಲ್ಲ. ತುಪ್ಪ ಸವರಿದ ಕಂಬ ಹೊಳೆಯುತ್ತದೆ, ಆದ್ದರಿಂದ ಇದು ಗೌಣಾರ್ಥ ಎಂದರು. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದು ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ಖಂಡತುಂಡವಾಗಿ ಹೇಳಿದರು. ವೇದಗಳಿಗೆ ಮೂರು ಅರ್ಥ, ಭಾರತಕ್ಕೆ ಹತ್ತು ಅರ್ಥ ಎಂದವರು ಮಧ್ವಾಚಾರ್ಯರು. ಅವರು ನಮ್ಮ ಈ ಸೀಮೆಯ ವಿಷ್ಣುಮಂಗಲದಲ್ಲಿ ತ್ರಿವಿಕ್ರಮ ಪಂಡಿತರೊಂದಿಗೆ ಹದಿನೈದು ದಿನ ವಾದ ನಡೆಸಿದರೆಂದು ಸಂಪ್ರದಾಯ ಹೇಳುತ್ತದೆ. ಹದಿನೈದು ದಿನವೂ ಪರದೆ ಇರಲಿಲ್ಲ, ಕೆಂಪು ಚುಕ್ಕೆಯೂ ಇರಲಿಲ್ಲ. ಅಲಂಕಾರಶಾಸ್ತ್ರದವರು ‘ಗಂಗೆಯಲ್ಲಿ ಹಳ್ಳಿ’ ಎಂಬ ಉದಾಹರಣೆಯನ್ನು ಕೊಟ್ಟು, ಗಂಗೆಯಲ್ಲಿ ಎಂದರೆ ಗಂಗೆಯ ದಡದಲ್ಲಿ ಎಂದು ಲಕ್ಷಣೆಯನ್ನು ಕಲಿಸಿದರು. ಚಂದ್ರಗಿರಿ ಹೊಳೆಯಲ್ಲಿ ತೋಟವಿದೆ ಎಂದ ವರನ ಕಡೆಯವರನ್ನು ನೋಡಲು ಯಾರೂ ದೋಣಿ ಮಾಡಿಕೊಂಡು ಹೋದದ್ದಿಲ್ಲ.

ಹೋಗಲಿ, ಶಾಸ್ತ್ರಿಗಳ ಮಾತು ಬಿಡೋಣ. ಅದೇ ಚಪ್ಪರದಲ್ಲಿ ಅದೇ ರಾತ್ರಿ ಪರದೆ ಬಿಚ್ಚಿ, ಮದ್ದಳೆಗೆ ಶ್ರುತಿ ಮಾಡಿ, ವಾಲಿವಧೆಯ ತಾಳಮದ್ದಳೆಗೆ ಕೂತರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಮಗೆ ಇದು ಅನ್ನದಷ್ಟೇ ಪರಿಚಿತ. ಭಾಗವತರು ನಾಲ್ಕು ಸಾಲಿನ ಪದ ಹೇಳಿ ಜಾಗಟೆ ಕೆಳಗಿಟ್ಟರೆ, ಬಿಳಿ ಪಂಚೆಯ ಅರ್ಥಧಾರಿ ಮುಕ್ಕಾಲು ಗಂಟೆ ಅರ್ಥ ಹೇಳುತ್ತಾರೆ. ಹೇಳುವ ಕೆಲಸಕ್ಕೇ ಇಲ್ಲಿ ‘ಅರ್ಥ’ ಎಂದು ಹೆಸರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳಿದಾಗ ವಾಲ್ಮೀಕಿಯ ರಾಮ ಎರಡು ಸಮಾಧಾನ ಕೊಡುತ್ತಾನೆ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ನೀನು ಧರ್ಮ ಮೀರಿದವನು ಎಂಬುದು ಒಂದು, ನೀನು ಶಾಖಾಮೃಗ, ಬೇಟೆಯಲ್ಲಿ ಮೃಗವನ್ನು ಹೇಗೆ ಕೊಂದರೂ ದೋಷವಿಲ್ಲ ಎಂಬುದು ಇನ್ನೊಂದು. ಆ ರಾತ್ರಿಯ ವಾಲಿ ದಿಂಬಿಗೆ ಒರಗಿದಲ್ಲಿಂದ ಮುಂದಕ್ಕೆ ಬಾಗಿ ಮೆಲ್ಲನೆ ಕೇಳಿದರು: ‘ರಾಘವ, ನಾನು ಕಪಿಯೇ ಆಗಿದ್ದರೆ ಅತ್ತಿಗೆ ನಾದಿನಿಯರ ಧರ್ಮ ನನಗೆ ಎಲ್ಲಿಂದ ಬಂತು? ಮನುಷ್ಯಧರ್ಮ ನನಗೆ ಅನ್ವಯಿಸುವುದಾದರೆ ಬೇಟೆಯ ನ್ಯಾಯ ಎಲ್ಲಿಂದ ಬಂತು? ಕೊಲ್ಲುವಾಗ ಬಾಲವನ್ನು ನೋಡಿದೆ, ದೂರುವಾಗ ಬುದ್ಧಿಯನ್ನು ನೋಡಿದೆ. ಎರಡರಲ್ಲಿ ಒಂದನ್ನು ಆರಿಸಿಕೋ.’ ಚಪ್ಪರದಲ್ಲಿ ಮಾತಿರಲಿಲ್ಲ. ಹಗಲಿಡೀ ಅಡಿಕೆ ಸುಲಿದು ಬೆರಳು ಕಪ್ಪಾದ ಮುದುಕರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ರಾಮನ ಉತ್ತರಕ್ಕೆ ಕಾದರು. ರಾಮನೂ ಸುಲಭಕ್ಕೆ ಬಿಡಲಿಲ್ಲ. ಯಾರ ಭಕ್ತಿಗೂ ಊನ ಬರಲಿಲ್ಲ. ಪ್ರಸಂಗ ಮುಗಿದ ಮೇಲೆ ಸತ್ತ ವಾಲಿ ಎದ್ದು, ರಾಮನ ಪಕ್ಕದಲ್ಲಿಯೇ ಕುಳಿತು ಅವಲಕ್ಕಿ ಸಜ್ಜಿಗೆ ತಿಂದು ಕಾಫಿ ಕುಡಿದರು. ಇಂಜಿನಿಯರರು ಊಟವಾದ ಕೂಡಲೇ ಹೊರಟುಹೋಗಿದ್ದರು.

ನಾಲ್ಕನೆಯ ದಿನ ನಾನು ಸಮಿತಿಯವರಲ್ಲಿ ಒಂದು ಪ್ರಸ್ತಾಪವಿಟ್ಟೆ. ಸಪ್ತಸಾಗರವಿರುವ ಅದೇ ಭಾಗವತದ ಏಳನೆಯ ಸ್ಕಂಧದಲ್ಲಿ ನಾರದರು ಯುಧಿಷ್ಠಿರನಿಗೆ ಗೃಹಸ್ಥಧರ್ಮವನ್ನು ಹೇಳುತ್ತ, ಹೊಟ್ಟೆ ತುಂಬುವಷ್ಟು ಮಾತ್ರ ದೇಹಿಗೆ ಸ್ವಂತದ್ದು, ಅದಕ್ಕಿಂತ ಹೆಚ್ಚನ್ನು ತನ್ನದೆನ್ನುವವನು ಕಳ್ಳ, ಅವನು ದಂಡನೆಗೆ ಅರ್ಹ ಎನ್ನುತ್ತಾರೆ. ಮುಂದಿನ ಉಪನ್ಯಾಸಕ್ಕೆ ಇದನ್ನೇ ವಿಷಯವಾಗಿ ಇಟ್ಟುಕೊಂಡು, ಪ್ರತಿಯೊಂದು ಅಕ್ಷರವೂ ವಿಜ್ಞಾನವೆಂಬ ತತ್ತ್ವಕ್ಕನುಸಾರವಾಗಿ ಊರಿನ ಅಡಿಕೆ ದಾಸ್ತಾನುಗಳನ್ನು ಒಮ್ಮೆ ಅಳೆಸಬಹುದೇ ಎಂದೆ. ಧಾರಣೆ ಏರಲೆಂದು ಎರಡು ವರ್ಷದ ಅಡಿಕೆಯನ್ನು ಅಟ್ಟದಲ್ಲಿ ಕೂಡಿಟ್ಟಿರುವ ಅಧ್ಯಕ್ಷರು ನನ್ನನ್ನು ಕರುಣೆಯಿಂದ ನೋಡಿದರು. ‘ಅದು ಸನ್ಯಾಸಿಗಳಿಗೆ ಹೇಳಿದ್ದು ಮಾಷ್ಟ್ರೇ.’ ಗೃಹಸ್ಥರಿಗೆಂದು ಸ್ಪಷ್ಟವಾಗಿ ಇದೆಯಲ್ಲ ಎಂದೆ. ‘ಇದ್ದರೇನು, ಒಳಾರ್ಥ ನೋಡಬೇಕು. ಅದು ಆಸೆಯ ದಾಸ್ತಾನು.’

ಅಲ್ಲಿಂದ ಎದ್ದು ಅನ್ನದಾನದ ಕಾಣಿಕೆಯ ಮೇಜಿನ ಮುಂದೆ ಸಾಲು ನಿಂತೆ. ಮೇಜಿನ ಹಿಂದಿನ ಬ್ಯಾನರಿನಲ್ಲಿ ‘ಪತ್ರಂ ಪುಷ್ಪಂ ಫಲಂ ತೋಯಂ’ ಎಂಬ ಗೀತಾವಾಕ್ಯವನ್ನು ದೊಡ್ಡದಾಗಿ ಬರೆಸಿದ್ದರು. ನಾನು ಅಕ್ಷರಶಃ ಪಾಲಿಸುವ ಉತ್ಸಾಹದಲ್ಲಿ ಅಂಗಳದ ಕಟ್ಟೆಯಿಂದ ಚಿವುಟಿ ತಂದಿದ್ದ ತುಳಸಿಯ ಕುಡಿಯನ್ನು ಮೇಜಿನ ಮೇಲೆ ಇಟ್ಟೆ. ಕೋಶಾಧಿಕಾರಿ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಬದಿಗಿಟ್ಟು, ‘ಇಲ್ಲಿ ಪತ್ರಂ ಅಂದರೆ ಅದಲ್ಲ ಮಾಷ್ಟ್ರೇ’ ಎಂದು ನಕ್ಕರು. ನಾನು ಕಿಸೆಯಿಂದ ಐನೂರರ ಪತ್ರವನ್ನು ತೆಗೆದು ಅರ್ಪಿಸಿದೆ. ಅವರೂ ಪುಸ್ತಕದಿಂದ ಒಂದು ಪತ್ರವನ್ನು ಹರಿದುಕೊಟ್ಟರು. ರಶೀದಿ ಇಡಿಯಾಗಿ ಮಲಯಾಳದಲ್ಲಿ ಅಚ್ಚಾಗಿತ್ತು. ಅಕ್ಷರ ಒಂದೂ ತಿಳಿಯಲಿಲ್ಲ. ಅರ್ಥ ಪೂರ್ತಿ ಆಯಿತು.