ಕಾಯಿನ್ ಬೆನ್ನು ಹತ್ತುವ ಸ್ಟ್ರೈಕರ್

ಕೇರಂನಲ್ಲಿ ನನ್ನ ಹೊಡೆತದ ವಿಶೇಷವೇ ಬೇರೆ. ಕಾಯಿನ್ ಸರಿಯಾಗಿ ಪಾಕೆಟ್‌ಗೆ ಬೀಳುತ್ತದೆ. ಸಂತೆಗೆ ಹೊರಟ ಅಪ್ಪನ ಹಿಂದೆ ಓಡುವ ಮಗುವಿನ ಹಾಗೆ ಸ್ಟ್ರೈಕರ್ ಕೂಡ ಹೋಗಿ ಬೀಳುತ್ತದೆ. ಬಿದ್ದ ಕಾಯಿನ್ ವಾಪಸ್, ಮೇಲೆ ಇನ್ನೊಂದು ಫೈನ್. ಬೇಸಿಗೆ ರಜೆಯಲ್ಲಿ ಎದುರು ಕೂತು ಆಡುತ್ತಿದ್ದ ಅತ್ತೆ ಪ್ರತಿ ಸಲ ಕೇಳುತ್ತಿದ್ದರು: "ಅದರ ಮೇಲೆ ಯಾಕೋ ಅಷ್ಟು ಸಿಟ್ಟು?"

ಗೋಲಿಯಾಟದಲ್ಲಿ ಈ ಗತಿ ಇರಲಿಲ್ಲ. ನೇರ ಚಿಮ್ಮಿದ ಗೋಲಿ ತಾಗಿದ ಜಾಗದಲ್ಲೇ ಹೆಚ್ಚುಕಮ್ಮಿ ನಿಂತುಬಿಡುತ್ತಿತ್ತು, ಎದುರಿನದು ಹಾರುತ್ತಿತ್ತು. ಎರಡೂ ಒಂದೇ ತೂಕ. ತನ್ನ ಹತ್ತಿರ ಇದ್ದುದನ್ನೆಲ್ಲ ಕೊಟ್ಟು ಅದು ಕೈತೊಳೆದುಕೊಳ್ಳುತ್ತದೆ.

ಸ್ಟ್ರೈಕರ್ ಹಾಗಲ್ಲ. ನಿಯಮದ ಪ್ರಕಾರ ಅದು 15 ಗ್ರಾಂವರೆಗೆ ಇರಬಹುದು, ಕಾಯಿನ್ 5ರಿಂದ 5.5 ಗ್ರಾಂ. ಒಂದಕ್ಕೆ ಮೂರು ಅನ್ನಿ. ಗ್ರಾಂ ಲೆಕ್ಕವನ್ನು ವೇಗದಿಂದ ಗುಣಿಸಿದರೆ ಸಂವೇಗ. ಡಿಕ್ಕಿಗೆ ಮುಂಚೆ ಎಷ್ಟಿತ್ತೋ ಆಮೇಲೂ ಒಟ್ಟು ಅಷ್ಟೇ ಇರಬೇಕು. ಸೆಕೆಂಡಿಗೆ 2 ಮೀಟರ್ ವೇಗದ ಸ್ಟ್ರೈಕರ್ ಕಾಯಿನ್‌ಗೆ ನಟ್ಟನಡುವೆ ಬಡಿಯಿತು ಅಂತಿಟ್ಟುಕೊಳ್ಳಿ. 15ನ್ನು 2ರಿಂದ ಗುಣಿಸಿದರೆ 30. ಬಡಿತದಲ್ಲಿ ಶಕ್ತಿ ಪೋಲಾಗದಿದ್ದರೆ ಕಾಯಿನ್ 3 ಮೀಟರ್ ವೇಗದಲ್ಲಿ ಓಡುತ್ತದೆ, ಸ್ಟ್ರೈಕರ್ 1 ಮೀಟರ್ ವೇಗದಲ್ಲಿ ಹಿಂದೆಯೇ ಬರುತ್ತದೆ. ಅದಕ್ಕೆ 15, ಇದಕ್ಕೆ 15. ಅಣ್ಣತಮ್ಮಂದಿರ ಪಾಲು ಕೂಡ ಇಷ್ಟು ಸಮ ಬರುವುದಿಲ್ಲ! ಆದರೆ ಸ್ಟ್ರೈಕರ್ ಅಂತೂ ನಿಲ್ಲುವುದಿಲ್ಲ. ಓರೆಯಾಗಿ ತಾಗಿಸಿದರೂ ಒಂಟಿ ಕಾಯಿನ್ ಅದನ್ನು 20 ಡಿಗ್ರಿಯಷ್ಟೂ ತಿರುಗಿಸಲಾರದು.

ಹಾಗಾದರೆ ಅತ್ತೆಯ ಸ್ಟ್ರೈಕರ್ ಯಾಕೆ ಬೀಳುತ್ತಿರಲಿಲ್ಲ? ಜಾರುತ್ತಿರುವ ವಸ್ತು ನಿಲ್ಲುವ ಮೊದಲು ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಮೂರು ಪಟ್ಟು ವೇಗ ಇದ್ದರೆ ಒಂಬತ್ತು ಪಟ್ಟು ದೂರ. ಕಾಯಿನ್ 9 ಇಂಚು ಜಾರಿ ನಿಲ್ಲುವಷ್ಟು ಮೆಲ್ಲಗೆ ಹೊಡೆದರೆ ಸ್ಟ್ರೈಕರ್‌ಗೆ ಒಂದೇ ಇಂಚಿಗೆ ಸುಸ್ತು. ಅತ್ತೆಯ ಕಾಯಿನ್ ಪಾಕೆಟ್ ಅಂಚಿಗೆ ಬಂದು, ಇನ್ನೇನು ನಿಂತೇಬಿಟ್ಟಿತು ಅನ್ನುವಾಗ ಒಳಗೆ ಇಳಿಯುತ್ತಿತ್ತು. ನನ್ನದು ಸುಮ್ನೆ ಗೋಡೆ ಒಡೆಯುವ ಹೊಡೆತ.

ಮಳೆಗಾಲ ಬಂದರೆ ನನಗೆ ಖುಷಿ. ಬೋರ್ಡ್ ತೇವಕ್ಕೆ ಮಂದವಾಗುತ್ತದೆ. ನಾನು ಎಷ್ಟು ಜೋರಾಗಿ ಹೊಡೆದರೂ ಸ್ಟ್ರೈಕರ್ ಪಾಕೆಟ್ ಬಾಯಿಯ ಹತ್ತಿರ ಬಂದು ನಿಲ್ಲುತ್ತದೆ. ಆದರೆ ಅತ್ತೆ ಬಿಡಬೇಕಲ್ಲ. ಅಷ್ಟರಲ್ಲಿ ಪೌಡರ್ ಡಬ್ಬಿ ಹುಡುಕುತ್ತಿರುತ್ತಾರೆ.