ಧ್ರುವನಿಗೆ ಅಡ್ಡ ನಿಂತ ಟ್ಯಾಂಕು

ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ನೋಡಬೇಕೆಂದರೆ ಮದುವೆಯಾಗಬೇಕು. ಮಟಮಟ ಮಧ್ಯಾಹ್ನ ಪುರೋಹಿತರು ಛತ್ರದ ಬಾಗಿಲಾಚೆ ಬೆರಳು ತೋರಿಸಿ, "ಕಾಣ್ತಾ?" ಅನ್ನುತ್ತಾರೆ. ಕಾಣುವುದು ಪಾರ್ಕಿಂಗ್ ಮಾತ್ರ. ಆದರೂ "ಹ್ಞೂಂ, ಕಾಣ್ತು" ಅನ್ನುತ್ತೇವೆ. ಊಟಕ್ಕೆ ಹೊತ್ತಾಗಿರುತ್ತೆ, ಯಾರು ವಾದ ಮಾಡ್ತಾರೆ?

ನನಗೆ ಅವನನ್ನು ರಾತ್ರಿಯೇ ಹಿಡಿಯುವ ಹುಚ್ಚು. ಧ್ರುವನ ಸುತ್ತ ನಕ್ಷತ್ರಗಳೆಲ್ಲ ಗೆರೆ ಗೆರೆಯಾಗಿ ಸುತ್ತಿರುವ ಫೋಟೋ ನೋಡಿರುತ್ತೀರಲ್ವಾ? ಅದೇ ಸ್ಟಾರ್ ಟ್ರೇಲ್. ತಿರುಗೋದು ಅವಲ್ಲ, ನಾವು. ಗಂಟೆಗೆ 15 ಡಿಗ್ರಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಸುಮ್ನೆ ಕೂತರಾಯಿತು. ಕೂರಲು ಬಿಡುವವರು ಬೇಕು, ಅಷ್ಟೆ.

ಧ್ರುವ ನಕ್ಷತ್ರ ಊರಿನ ಅಕ್ಷಾಂಶ ಎಷ್ಟೋ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತೆ. ಬೆಂಗಳೂರಿಗೆ ಸುಮಾರು 13 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂಕಾಲು ಮುಷ್ಟಿ. ಸರಿಯಾಗಿ ಆ ಜಾಗದಲ್ಲೇ ಪಕ್ಕದ ಬ್ಲಾಕಿನ ಕಪ್ಪು ನೀರಿನ ಟ್ಯಾಂಕು. ಟೆರೇಸಿನ ಮೂಲೆಗೆ ಹೋಗಿ, ಪೈಪುಗಳ ಸಂದಿಯಲ್ಲಿ ಟ್ರೈಪಾಡ್ ಸಿಕ್ಕಿಸಿದರೆ ಧ್ರುವ ಟ್ಯಾಂಕಿನ ಮುಚ್ಚಳದ ಮೇಲೆ ಕೂತ ಹಾಗೆ ಕಾಣುತ್ತಾನೆ. ಅಪ್ಪನ ತೊಡೆ ಸಿಗದವನಿಗೆ ಇದಾದರೂ ಸಿಕ್ಕಿತಲ್ಲ. ದೇವನಹಳ್ಳಿ ವಿಮಾನ ನಿಲ್ದಾಣ ಇರೋದೂ ಉತ್ತರಕ್ಕೇ. ದೀಪ ಮಿಟುಕಿಸುವ ವಿಮಾನಗಳು ಇಡೀ ಫೋಟೋಗೆ ಹೊಲಿಗೆ ಹಾಕಿದ ಹಾಗೆ ಚುಕ್ಕಿಗೆರೆ ಬಿಟ್ಟು ಹೋಗುತ್ತವೆ.

ವಿಮಾನವನ್ನಾದರೂ ಸಹಿಸಬಹುದು. ಮೂರನೇ ಮಹಡಿಯ ಅಂಕಲ್ ಊಟವಾದ ಮೇಲೆ ಟೆರೇಸಿಗೆ ವಾಕಿಂಗ್ ಬರುತ್ತಾರೆ. "ಅಯ್ಯೋ, ಕತ್ತಲಲ್ಲಿ ಯಾಕೆ ಕೂತಿದೀರಾ?" ಎಂದು ಮೊಬೈಲ್ ಟಾರ್ಚ್ ಹಚ್ಚಿ ನೇರ ಲೆನ್ಸಿಗೇ ಬಿಟ್ಟರು. ಅರ್ಧ ನಿಮಿಷಕ್ಕೊಮ್ಮೆ ಕ್ಯಾಮೆರಾ ಟಕ್ ಅನ್ನೋದು ಕೇಳಿ ಅವರಿಗೆ ಅನುಮಾನ ಬಂತು.

"ಎಷ್ಟು ಫೋಟೋ ತೆಗೀತೀರಾ?"

"ಗಂಟೆಗೆ 120 ಆಗುತ್ತೆ ಅಂಕಲ್."

"ಒಂದೂ ಸರಿಯಾಗಿ ಬರ್ತಿಲ್ವಾ?"

ವಿವರಿಸಿದೆ. ಷಟರ್ ಒಂದು ಗಂಟೆ ತೆರೆದಿಟ್ಟರೆ ಈ ಊರಿನ ಬೆಳಕಿಗೆ ಆಕಾಶವೆಲ್ಲ ಬೆಳ್ಳಗೆ ಬರುತ್ತೆ. ಅದಕ್ಕೇ 30 ಸೆಕೆಂಡಿನ ಫೋಟೋಗಳನ್ನು ಸಾಲಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸೋದು. ಅಂಕಲ್ ಪೂರ್ತಿ ಕೇಳಿಸಿಕೊಂಡು, "ಫೋನಲ್ಲಿ ನೈಟ್ ಮೋಡ್ ಇದೆಯಲ್ಲ" ಅಂದರು.

ಒಮ್ಮೆ ಕರೆಂಟ್ ಹೋಯಿತು. ಇಡೀ ಏರಿಯಾ ಕಪ್ಪು. ಸಪ್ತರ್ಷಿಗಳು ಏಳೂ ಜನ ಹಾಜರು! ನನ್ನ ಸಂಭ್ರಮ ಎರಡು ನಿಮಿಷವೂ ಉಳಿಯಲಿಲ್ಲ. ಕರೆಂಟ್ ಹೋದರೆ ನಮ್ಮ ಜನ ಎಲ್ಲಿಗೆ ಬರುತ್ತಾರೆ? ಟೆರೇಸಿಗೆ. ಪ್ರತಿಯೊಬ್ಬರ ಕೈಯಲ್ಲೂ ಟಾರ್ಚು. ಒಂದು ಮಗು ಟ್ರೈಪಾಡಿನ ಕಾಲು ಹಿಡಿದು ಜೋತಾಡಿತು. ಯಾವುದೋ ಆಂಟಿ, ಹೇಗೂ ಮೇಲೆ ಬಂದಿದ್ದೇನಲ್ಲ ಅಂತ, ಒಣಗಿದ ಸೀರೆಯನ್ನು ಕ್ಯಾಮೆರಾದ ಮುಂದೆಯೇ ಮಡಿಸಿಕೊಂಡರು.

ಕೊನೆಗೂ ಒಂದು ಚಿತ್ರ ಬಂತು. ಧ್ರುವನೂ ಚೂರು ಕದಲಿದ್ದಾನೆ. ಅವನು ನಿಜವಾದ ಧ್ರುವಬಿಂದುವಿನಿಂದ, ಅಂದರೆ ಆಕಾಶವೆಲ್ಲ ಸುತ್ತುವಂತೆ ಕಾಣುವ ನಡುಬಿಂದುವಿನಿಂದ, ಮುಕ್ಕಾಲು ಡಿಗ್ರಿಗಿಂತ ಕಡಿಮೆ ಪಕ್ಕದಲ್ಲಿದ್ದಾನೆ, ಹಾಗಾಗಿ ಪುಟ್ಟ ಸುತ್ತು ಹಾಕಲೇಬೇಕು. ಹೆಮ್ಮೆಯಿಂದ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದೆ. ಧ್ರುವನನ್ನು ಯಾರೂ ಕೇಳಲಿಲ್ಲ. ಅಂಕಲ್ ಮಾತ್ರ ಚಿತ್ರವನ್ನು ಎಳೆದು ದೊಡ್ಡದು ಮಾಡಿ ನೋಡಿದ್ದಾರೆ. ಟ್ಯಾಂಕಿನ ಅಂಚಿನಿಂದ ಇಳಿಯುವ ಬಿಳಿ ಗೆರೆ ನಕ್ಷತ್ರದ್ದಲ್ಲ, ನೀರಿನದ್ದು ಅಂತ ಕಂಡುಹಿಡಿದರು. ಟ್ಯಾಂಕು ತುಂಬಿ ಸುರಿಯುತ್ತಿದೆ! ಪ್ರತಿ ಫೋಟೋಗೂ ಸಮಯ ದಾಖಲಾಗಿರುತ್ತಲ್ಲ, ಮೋಟರ್ ಎಷ್ಟು ಹೊತ್ತು ಆಫ್ ಮಾಡದೆ ಬಿಟ್ಟಿದ್ದರು ಅನ್ನೋದಕ್ಕೆ ಸಾಕ್ಷಿಯೂ ಸಿಕ್ಕಿತು. ಅಸೋಸಿಯೇಷನ್ ಮೀಟಿಂಗಿನಲ್ಲಿ ನನ್ನ ಚಿತ್ರ ಪ್ರದರ್ಶನವಾಯಿತು.

ಈಗ ಟೆರೇಸಿನ ಕೀಲಿಯನ್ನು ಅಂಕಲ್ಲೇ ತಂದು ಕೊಡುತ್ತಾರೆ. ಟಾರ್ಚ್ ಹಚ್ಚಲ್ಲ. ಒಂದೇ ಬೇಡಿಕೆ: "ಇವತ್ತು ಕ್ಯಾಮೆರಾ ಸ್ವಲ್ಪ ಗೇಟಿನ ಕಡೆ ತಿರುಗಿಸಿ. ರಾತ್ರಿ ಯಾರೋ ಕಸ ಹಾಕಿ ಹೋಗ್ತಾರೆ."