ತಳ್ಳಿದರೆ ಸ್ಟಾರ್ಟ್ ಆಗಲ್ಲ ಸ್ವಾಮಿ!

ಇಲ್ಲ, ತಳ್ಳಿದರೆ ಸ್ಟಾರ್ಟ್ ಆಗಲ್ಲ. ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟರೂ ಆಗಲ್ಲ. ಯಾಕಂದ್ರೆ ನನ್ನದು ಹೈಬ್ರಿಡ್ ಕಾರು, ಪೆಟ್ರೋಲ್ ಇಂಜಿನ್ನೂ ಕರೆಂಟ್ ಮೋಟರೂ ಎರಡೂ ಇರೋದು. ಇದರಲ್ಲಿ ಕ್ಲಚ್ಚೇ ಇಲ್ಲ, ಸೆಕೆಂಡ್ ಗೇರೂ ಇಲ್ಲ. ಇವತ್ತು ಇದನ್ನು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಒಬ್ಬರಾದರೂ ಕೇಳಿದರಾ? ಮದುವೆ ಛತ್ರದಲ್ಲಿದ್ದ ಗಂಡಸರೆಲ್ಲ ತೋಳು ಮಡಚಿಕೊಂಡು ಬಂದು ತಳ್ಳಿಯೇ ಬಿಟ್ಟರು. ಪಿ ಯಲ್ಲಿ, ಅಂದರೆ ಪಾರ್ಕಿಂಗ್‌ನಲ್ಲಿ, ಲಾಕ್ ಆಗಿ ನಿಂತಿರೋ ಗಾಡಿಯನ್ನು! ಡಿಕ್ಕಿ ಬಾಗಿಲ ಮೇಲೆ ಯಾರದೋ ಅರಿಶಿನದ ಕೈ ಮೂಡಿದೆ. ಒರೆಸಿಲ್ಲ. ಒರೆಸುವಷ್ಟು ಸಮಾಧಾನ ನನಗಿಲ್ಲ.

ಗಾಡಿ ನಿಂತಿದ್ದಕ್ಕೆ ಇಷ್ಟು ಸಿಟ್ಟಲ್ಲ. ಗಾಡಿ ಅಂದಮೇಲೆ ನಿಲ್ಲುತ್ತೆ. ನಮ್ಮ ಭಾವ, ನನ್ನ ಗಂಡನ ಅಣ್ಣ, ಹೇಳಿದ ಆ ಮಾತು ಇದೆಯಲ್ಲ, ಅದು ತಲೆಯಿಂದ ಹೋಗ್ತಿಲ್ಲ.

"ಸುಮ್ನಿರವ್ವಾ ನೀನು. ಗಂಡಸರು ನೋಡ್ಕಂತಾರೆ."

ಏನು ನೋಡ್ಕೊಂಡರು? ಹೇಳ್ತೀನಿ.

ದಾವಣಗೆರೆಯ ಹದಡಿ ರಸ್ತೆಯ ಛತ್ರ. ಗೇಟು ಇರೋದು ಒಂದೇ. ಗೇಟಿನ ಬಾಯಿಗೇ ನನ್ನ ಗಾಡಿ. ಅಲ್ಲಿ ನಿಲ್ಲಿಸು ಅಂದವರೂ ಭಾವನೇ, ಅದು ಬೇರೆ ಕಥೆ. ಒಳಗೆ ಬೀಗರ ಬಸ್ಸು ಹೊರಡೋಕೆ ರೆಡಿ. ಮದುಮಗಳು ಹತ್ತಿ ಕೂತಾಗಿದೆ, ಅವರಮ್ಮನ ಅಳು ಮುಗಿದಿದೆ, ಎಲೆ ಅಡಿಕೆ ಹಂಚಿದ್ದೂ ಆಗಿದೆ. ರಾಹುಕಾಲ ಬರೋದರೊಳಗೆ ಊರು ಬಿಡಬೇಕಂತೆ. ನಾನು ಹೋಗಿ ಬ್ರೇಕ್ ಒತ್ತಿ ಬಟನ್ ಒತ್ತಿದೆ. ಮೀಟರ್ ಒಮ್ಮೆ ಮಿಣಕ್ ಅಂತು. ಆಮೇಲೆ ಕತ್ತಲೆ. ಮತ್ತೆ ಒತ್ತಿದೆ, ಏನೂ ಇಲ್ಲ. ಹಾರ್ನೂ ಇಲ್ಲ. ಪಿ ಯಿಂದ ನ್ಯೂಟ್ರಲ್ ಎನ್‌ಗೆ ಲಿವರ್ ಕದಲುತ್ತಿಲ್ಲ.

ಹಿಂದೆ ಬಸ್ಸಿನವನು ಹಾರ್ನ್ ಹೊಡೆಯೋಕೆ ಶುರು ಮಾಡಿದ. ಅಷ್ಟರಲ್ಲಿ ಜನ ಸೇರಿದರು. ಬೆಳಗ್ಗೆಯಿಂದ ಕರೆದರೂ ಊಟದ ಹಾಲ್ ಬಿಟ್ಟು ಬರದವರೆಲ್ಲ ಓಡಿ ಬಂದರು. "ಪೆಟ್ರೋಲ್ ಐತಾ ನೋಡ್ರಿ." "ಇದು ಕರೆಂಟ್ ಗಾಡಿ ಅಲ್ವಾ, ಚಾರ್ಜ್ ಖಾಲಿ ಆಗಿರಬೇಕು. ಛತ್ರದಾಗೆ ಪ್ಲಗ್ ಪಾಯಿಂಟ್ ಐತಿ, ಅಡಿಗೆಮನೆಯಿಂದ ವೈರ್ ಎಳೀರಿ." ಪ್ಲಗ್ ಹಾಕೋಕೆ ಇದರಲ್ಲಿ ಜಾಗವೇ ಇಲ್ಲ ಅಂದೆ. "ಮತ್ತೆ ಎಂಥಾ ಬ್ಯಾಟರಿ ಗಾಡಿ ಇದು?" ಅಂದರು. ಹಸಿರು ಬೋರ್ಡ್ ಯಾಕಿಲ್ಲ ಅಂತ ಒಬ್ಬರು ಕೇಳಿದರು. ಹೈಬ್ರಿಡ್‌ಗೆ ಹಸಿರು ಬೋರ್ಡ್ ಇರಲ್ಲ, ಪೂರ್ತಿ ಕರೆಂಟ್ ಗಾಡಿಗೆ ಮಾತ್ರ ಅಂದೆ. ಅವರು ನನ್ನ ಮುಖ ನೋಡಿ, ಪಕ್ಕದಲ್ಲಿದ್ದ ಇವರನ್ನು ಕೇಳಿದರು. "ಹೌದೇನ್ರಿ?"

ಇವರು ಅಂದರೆ ನನ್ನ ಯಜಮಾನರು. ಅವರಿಗೆ ವೈಪರ್ ನೀರು ಎಲ್ಲಿ ಹಾಕೋದು ಅಂತಲೂ ಗೊತ್ತಿಲ್ಲ. ಹೌದು ಅಂತ ತಲೆ ಆಡಿಸಿದರು. ಆಗ ನಂಬಿದರು!

ಆಮೇಲೆ ತಳ್ಳಿದರು. ಅದನ್ನು ಆಗಲೇ ಹೇಳಿದೆ.

ಆಮೇಲೆ ಬಸ್ಸಿನ ಡ್ರೈವರ್ ಕೇಬಲ್ ಹಿಡಿದು ಬಂದ. ಬಸ್ಸಿನ ಬ್ಯಾಟರಿಯಿಂದ ಕೊಡ್ತೀನಿ, ಒಂದೇ ನಿಮಿಷ ಅಂದ. ಬೇಡ ಅಂತ ಕೂಗಿದೆ. ಹೌದು, ಕೂಗಿದೆ. ಬಸ್ಸಿಗೆ, ಲಾರಿಗೆ ಇರೋದು 24 ವೋಲ್ಟ್. ಎರಡು ಬ್ಯಾಟರಿ ಸಾಲಾಗಿ ಜೋಡಿಸಿರ್ತಾರೆ. ನನ್ನ ಗಾಡಿಯ ಸಣ್ಣ ಬ್ಯಾಟರಿ 12 ವೋಲ್ಟ್. ಅದಕ್ಕೆ 24 ಕೊಟ್ಟರೆ ಒಳಗಿರೋ ಕಂಪ್ಯೂಟರ್ ಸುಟ್ಟು ಹೋಗಬಹುದು. ಒಂದೊಂದರ ರೇಟ್ ಕೇಳಿದರೆ ಎದೆ ಒಡೆಯುತ್ತೆ. ಇಷ್ಟನ್ನೂ ನಾನು ಸರಿಯಾಗಿ, ಬಿಡಿಸಿ ಹೇಳಿದೆ. ಡ್ರೈವರ್ ನಕ್ಕ. "ಏನಾಗಲ್ಲ ಬಿಡ್ರಿ ಮೇಡಂ, ಬ್ಯಾಟರಿ ಬ್ಯಾಟರೀನೇ." ನಾನು ಬಾನೆಟ್ ಮುಂದೆ ಹೋಗಿ ಕೈ ಅಡ್ಡ ಇಟ್ಟು ನಿಂತೆ. ರೇಷ್ಮೆ ಸೀರೆ, ತಲೆ ತುಂಬಾ ಮಲ್ಲಿಗೆ, ಮೈಯೆಲ್ಲಾ ಬೆವರು. ಬಸ್ಸಿನ ಕಿಟಕಿಗಳಲ್ಲಿ ಸಾಲು ಸಾಲು ಮುಖ. ಮೊಬೈಲ್ ಹಿಡಿದವರೂ ಇದ್ದರು.

ಆಗ ಬಂತು ಆ ಮಾತು. ಭಾವ ನನ್ನ ಭುಜದ ಪಕ್ಕದಿಂದ ಕೈ ಚಾಚಿ, ಮಗುವನ್ನು ಸರಿಸೋ ಥರ ನನ್ನನ್ನು ಸರಿಸೋಕೆ ಬಂದರು. "ಸುಮ್ನಿರವ್ವಾ ನೀನು. ಗಂಡಸರು ನೋಡ್ಕಂತಾರೆ." ಎಲ್ಲರೂ ನಕ್ಕರು. ಬೀಗರ ಕಡೆಯವರೂ ನಕ್ಕರು. ಇವರು? ಇವರು ಮೊಬೈಲ್ ನೋಡ್ತಾ ನಿಂತಿದ್ದರು.

ಗಾಡಿ ನನ್ನ ಹೆಸರಲ್ಲಿದೆ. ಆರ್‌ಸಿ ನನ್ನದು. ಕಂತು ಹೋಗೋದು ನನ್ನ ಮೆಡಿಕಲ್ ಅಂಗಡಿಯ ಖಾತೆಯಿಂದ. ಕೊಳ್ಳೋ ಮೊದಲು ರಾತ್ರಿಯೆಲ್ಲಾ ಕೂತು ಓದಿದವಳು ನಾನು. ಆ ಬಾನೆಟ್ ಸುತ್ತ ನಿಂತವರಲ್ಲಿ ಗಾಡಿಯ ಪುಸ್ತಕ ತೆರೆದು ನೋಡಿದವಳು ನಾನೊಬ್ಬಳೇ. ಆದರೆ ಸುಮ್ಮನಿರಬೇಕಾದವಳೂ ನಾನೇ ಅಲ್ವಾ?

ಕೊನೆಗೆ ಗಾಡಿ ಎಬ್ಬಿಸಿದ್ದು ಶಾಮಿಯಾನದ ಕುರ್ಚಿ ತುಂಬೋಕೆ ಬಂದಿದ್ದ ಹುಡುಗ. ಛೋಟಾ ಹಾಥಿ ಓಡಿಸ್ತಾನೆ. ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. "ಅಕ್ಕಾ, ನಂದು 12 ವೋಲ್ಟೇ. ಎಲ್ಲಿ ಹಾಕ್ಬೇಕು ತೋರಿಸ್ರಿ" ಅಂದ. ನೋಡಿ, ತೋರಿಸ್ರಿ ಅಂದ! ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದೆ. ಕೆಂಪು ಮೊದಲು, ಕಪ್ಪನ್ನು ಬ್ಯಾಟರಿಯಿಂದ ದೂರ ಇರೋ ಕಬ್ಬಿಣಕ್ಕೆ. ಹಾಕಿದ. ಬಟನ್ ಒತ್ತಿದೆ. ಮೀಟರ್‌ನಲ್ಲಿ ರೆಡಿ ಅಂತ ಬಂತು, ಅಂದರೆ ಗಾಡಿ ಹೊರಡೋಕೆ ಸಿದ್ಧ. ಕರೆಂಟಲ್ಲೇ ಹೊರಡೋದು, ಸದ್ದೇ ಇಲ್ಲ. ಸದ್ದಿಲ್ಲ ಅಂತ ಮತ್ತೆ ಎಲ್ಲರೂ "ಆಗ್ಲಿಲ್ಲ, ಆಗ್ಲಿಲ್ಲ" ಅಂತ ಕೂಗಿದರು. ನಾನು ಆ ಗದ್ದಲದ ಮಧ್ಯೆಯೇ ಗಾಡಿ ಓಡಿಸಿಕೊಂಡು ಗೇಟು ದಾಟಿದೆ.

ವಾಪಸ್ ಬರೋ ಹೊತ್ತಿಗೆ ಅತ್ತೆ ಹೇಳ್ತಿದ್ದರು, "ನಮ್ಮ ದೊಡ್ಡವನು ಇದ್ದದ್ದಕ್ಕೆ ಆಯ್ತು."

ಇನ್ನು ಆ ಬ್ಯಾಟರಿ. ಇದರಲ್ಲಿ ಎರಡು ಬ್ಯಾಟರಿ ಇವೆ. ಚಕ್ರ ತಿರುಗಿಸೋದು ಹಿಂದೆ ಇರೋ ದೊಡ್ಡದು. ಬ್ರೇಕ್ ಒತ್ತಿದಾಗ, ಇಂಜಿನ್ ಓಡುವಾಗ ಅದು ತಾನೇ ಚಾರ್ಜ್ ಆಗುತ್ತೆ. ಇನ್ನೊಂದು ಸಣ್ಣದು, ಎಲ್ಲಾ ಕಾರುಗಳಲ್ಲಿ ಇರುತ್ತಲ್ಲ ಅದೇ 12 ವೋಲ್ಟ್‌ದು. ಇಂಜಿನ್ ತಿರುಗಿಸೋ ಕೆಲಸ ಅದಕ್ಕಿಲ್ಲ, ಅದೂ ದೊಡ್ಡದರದ್ದೇ. ಸಣ್ಣದು ಕಂಪ್ಯೂಟರ್‌ಗಳನ್ನು ಎಬ್ಬಿಸಬೇಕು, ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸೋ ಸ್ವಿಚ್, ಅಂದರೆ ರಿಲೇ, ಕೂಡಿಸಬೇಕು. ಅಷ್ಟೇ. ಅದು ಸತ್ತರೆ ದೊಡ್ಡದು ತುಂಬಿ ತುಳುಕುತ್ತಿದ್ದರೂ ಗಾಡಿ ಕಲ್ಲು. ಉಗ್ರಾಣದ ತುಂಬಾ ಅಕ್ಕಿ ಇದೆ, ಬೀಗದ ಕೈ ಬಾವಿಗೆ ಬಿದ್ದಿದೆ.

ಕೊಳ್ಳುವಾಗ ದೊಡ್ಡ ಬ್ಯಾಟರಿ ಬಗ್ಗೆ ಎಷ್ಟು ಮಾತು! 8 ವರ್ಷ ವಾರಂಟಿ ಮೇಡಂ, ತಲೆ ಕೆಡಿಸ್ಕೋಬೇಡಿ ಮೇಡಂ. ಸಣ್ಣದರ ಬಗ್ಗೆ ಒಂದು ಮಾತಿಲ್ಲ. ಗಾಡಿ ರೆಡಿಯಲ್ಲಿ ಇದ್ದಾಗ ಮಾತ್ರ ಅದು ಚಾರ್ಜ್ ಆಗೋದು, ಸುಮ್ನೆ ನಿಲ್ಲಿಸಿದರೆ ಸ್ವಲ್ಪ ಸ್ವಲ್ಪವೇ ಇಳಿಯುತ್ತೆ, ಬಿಸಿಲಿಗೆ ಆಯಸ್ಸು ಇನ್ನೂ ಕಡಿಮೆ ಅಂತ ಒಬ್ಬರಾದರೂ ಬಾಯಿ ಬಿಟ್ಟು ಹೇಳಬಾರದಾ? ದಾವಣಗೆರೆಯಲ್ಲಿ ಗಾಡಿ ಮಾರೋರಿಗೆ ದಾವಣಗೆರೆ ಬಿಸಿಲು ಗೊತ್ತಿಲ್ವಾ? ಮದುವೆ ಗಡಿಬಿಡಿಯಲ್ಲಿ ಬೀಗರ ಓಡಾಟಕ್ಕೆಲ್ಲ ಭಾವನ ಡೀಸೆಲ್ ಗಾಡಿಯೇ ಆಗಬೇಕಿತ್ತು, ನನ್ನದು ಬಿಸಿಲಲ್ಲಿ ನಿಂತಿತ್ತು. ನಿಲ್ಲಿಸಿದ ಗಾಡಿ ಸಾಯುತ್ತೆ ಅಂದರೆ ಅದು ಗಾಡಿಯ ತಪ್ಪಾ, ನಿಲ್ಲಿಸಿದವರ ತಪ್ಪಾ?

ಛತ್ರದಿಂದಲೇ ಸರ್ವಿಸ್‌ನವರಿಗೆ ಫೋನ್ ಮಾಡಿದ್ದೆ. ಮೊದಲ ಪ್ರಶ್ನೆ: "ಸರ್ ಹತ್ರ ಕೊಡ್ತೀರಾ ಮೇಡಂ?" ಯಾವ ಸರ್? ನನ್ನ ಗಾಡಿಗೆ ಸರ್ ಎಲ್ಲಿಂದ ಬಂದ? ಎರಡನೇ ಮಾತು: "ಸಣ್ಣ ಬ್ಯಾಟರಿ ವಾರಂಟಿಯಲ್ಲಿ ಬರಲ್ಲ ಮೇಡಂ." ಮೂರನೇದು: "ದಿನಾ ಸ್ವಲ್ಪ ಓಡಿಸ್ತಾ ಇರಬೇಕು ಮೇಡಂ." ಗಾಡಿ ತಂದು ತೋರಿಸಿ ಅಂದರು. ಸ್ಟಾರ್ಟ್ ಆಗದ ಗಾಡಿಯನ್ನು ಹೇಗೆ ತರಲಿ? ಎಳೆಸಿಕೊಂಡು ಬನ್ನಿ, ಆದರೆ ಮುಂದಿನ ಚಕ್ರ ನೆಲಕ್ಕೆ ತಾಗಬಾರದು ಅಂದರು. ಎಳೆಯುವಾಗ ಚಕ್ರ ತಿರುಗಿದರೆ ಒಳಗಿನ ಮೋಟರೂ ತಿರುಗುತ್ತೆ, ಹಾಳಾಗುತ್ತೆ ಅಂತೆ. ಹಾಗಂತ ಎತ್ತೋ ಗಾಡಿ ಕಳಿಸ್ತಾರಾ? ಇಲ್ಲ. ಅದಕ್ಕೆ ಬೇರೆ ನಂಬರ್ ಕೊಟ್ಟರು. ಆ ನಂಬರ್ ಎತ್ತಲಿಲ್ಲ.

ಇಷ್ಟೆಲ್ಲಾ ಬೈದ ಮೇಲೆ ಹೇಳಲೇಬೇಕು, ಗಾಡಿ ಕೆಟ್ಟದ್ದಲ್ಲ. ಬೇರೆ ಯಾರಾದರೂ ಬೈದರೆ ನಾನೇ ಜಗಳಕ್ಕೆ ನಿಲ್ತೀನಿ. ನಾನು ಬೈಯಬಹುದು, ಕಂತು ಕಟ್ಟೋಳು ನಾನು. ಪಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ಎಲ್ಲರ ಇಂಜಿನ್ ಸುಮ್ನೆ ಪೆಟ್ರೋಲ್ ಕುಡೀತಾ ನಿಂತಿದ್ದರೆ ನನ್ನದು ಆಫ್ ಆಗಿ ಎಸಿ ಮಾತ್ರ ಓಡ್ತಿರುತ್ತೆ. ಊರೊಳಗೆ ಲೀಟರಿಗೆ 23, 24 ಆರಾಮಾಗಿ ಬರುತ್ತೆ. ಬರೀ ಪೆಟ್ರೋಲ್ ಗಾಡಿಗೆ ಹೈವೇಯಲ್ಲಿ ಮೈಲೇಜ್ ಜಾಸ್ತಿ, ಇದಕ್ಕೆ ಊರಲ್ಲೇ ಜಾಸ್ತಿ. ಚಿತ್ರದುರ್ಗಕ್ಕೆ ಹೋಗುವಾಗ ಹೆಬ್ಬಾಳು ಟೋಲ್ ದಾಟಿ ನೂರರ ಮೇಲೆ ಓಡಿಸಿ ನೋಡಿ, ಇಂಜಿನ್ ಬಿಡುವೇ ಇಲ್ಲದೆ ಓಡುತ್ತೆ, ಮೈಲೇಜ್ 19ಕ್ಕೋ 20ಕ್ಕೋ ಇಳಿಯುತ್ತೆ. ಅದೂ ಕಡಿಮೆಯೇನಲ್ಲ. ಈಗ ಬಂಕಿನಲ್ಲಿ ಬರೋ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಭಾಗ ಎಥನಾಲ್, ಅದಕ್ಕೂ ಸ್ವಲ್ಪ ಹೋಗುತ್ತೆ. ಮೆಕ್ಕೆಜೋಳದಿಂದಲೂ ಎಥನಾಲ್ ಮಾಡ್ತಾರಂತೆ. ನಮ್ಮ ಜಿಲ್ಲೆಯ ರೈತರಿಗೆ ಒಳ್ಳೇದಾಗೋದಾದರೆ ಹೋಗಲಿ ಬಿಡಿ, ಅದಕ್ಕೂ ಕೂಗಾಡಲ್ಲ.

ಡಿಕ್ಕಿ ಮಾತ್ರ ಚಿಕ್ಕದು. ದೊಡ್ಡ ಬ್ಯಾಟರಿ ಅಲ್ಲೇ ಜಾಗ ತಿಂದಿದೆ. ಮುಯ್ಯಿಗೆ ಕೊಟ್ಟ ಹಿತ್ತಾಳೆ ಕೊಳಗ ಒಳಗೆ ಹೋಗಲಿಲ್ಲ, ಅದೂ ಭಾವನ ಗಾಡಿಯಲ್ಲೇ ಬಂತು. ಅದನ್ನೂ ಎಲ್ಲರ ಮುಂದೆ ಹೇಳಿದರು.

ಮತ್ತೆ ಮಂಡಿಪೇಟೆ. ಕರೆಂಟಲ್ಲಿ ಓಡುವಾಗ ಸದ್ದಿಲ್ಲ ಅಂತ ಯಾರೂ ದಾರಿ ಬಿಡಲ್ಲ. ಹಾರ್ನ್ ಹೊಡೆದರೆ ಬೆಚ್ಚಿಬಿದ್ದು ಬೈತಾರೆ, ಹೊಡೆಯದಿದ್ದರೆ ದನಾನೂ ಪಕ್ಕಕ್ಕೆ ಸರಿಯೋದಿಲ್ಲ.

ತೆರಿಗೆಯ ವಿಷಯ ಎತ್ತಬಾರದು ಅಂದುಕೊಂಡಿದ್ದೆ. ಎತ್ತಿಯೇ ಬಿಡ್ತೀನಿ. ನಾನು ಕೊಂಡಾಗ ನಾಲ್ಕು ಮೀಟರ್ ದಾಟಿದ ಹೈಬ್ರಿಡ್‌ಗೆ ಶೇ. 28 ಜಿಎಸ್‌ಟಿ, ಮೇಲೆ 15 ಸೆಸ್. ಒಟ್ಟು 43. ಪೂರ್ತಿ ಕರೆಂಟ್ ಗಾಡಿಗೆ 5. 2025ರ ಸೆಪ್ಟೆಂಬರ್ 22ರಿಂದ ನಮ್ಮದು 40 ಆಯ್ತು, ನಾನು ಕೊಂಡಾದ ಮೇಲೆ. ಅದರ ಮೇಲೆ ರಾಜ್ಯದ ರೋಡ್ ಟ್ಯಾಕ್ಸ್. 10 ಲಕ್ಷದಿಂದ 20 ಲಕ್ಷದ ಗಾಡಿಗೆ ಶೇ. 17, ಅದಕ್ಕೊಂದು ಸೆಸ್ ಬೇರೆ. ಉತ್ತರ ಪ್ರದೇಶದವರು 2024ರ ಜುಲೈನಲ್ಲಿ ನನ್ನದರಂಥ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆಯನ್ನೇ ಮಾಫಿ ಮಾಡಿದರು. ನಮಗೇನು ಪಾಪ ಅಂಟಿದೆ? ತೆರಿಗೆ ಹಾಕೋರಿಗೆ ಇದು ಪೆಟ್ರೋಲ್ ಗಾಡಿ. ಛತ್ರದವರಿಗೆ ಕರೆಂಟ್ ಗಾಡಿ. ಎರಡೂ ಕಡೆಯ ಬೈಗುಳ ನನಗೆ.

ಆಯ್ತು, ನಗಬೇಕು ಅನ್ನೋರು ನಗಿ. ರೇಷ್ಮೆ ಸೀರೆ ಉಟ್ಟು ಬಾನೆಟ್ ಕಾಯ್ತಾ ನಿಂತವಳು ನಾನೇ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಹೆಸರು ಬಿದ್ದಿದೆ, "24 ವೋಲ್ಟ್ ಅಕ್ಕ" ಅಂತ. ಫೋಟೋ ಸಮೇತ. ಫೋಟೋದಲ್ಲಿ ನನ್ನ ಬಾಯಿ ತೆರೆದಿದೆ, ಒಂದು ಕೈ ಮೇಲಿದೆ, ಚಳವಳಿಗೆ ಬಂದವಳ ಥರ ಕಾಣ್ತೀನಿ. ನಾದಿನಿ ನಗೋ ಮುಖ ಹಾಕಿದ್ದಾಳೆ. ನಾನೂ ಒಂದು ನಗೋ ಮುಖ ಹಾಕಿದೆ. ಹಾಕದಿದ್ದರೆ "ಸಿಟ್ಟು ಬಂತಾ?" ಅಂತ ಫೋನ್ ಬರುತ್ತೆ.

ಯಾರಾದರೂ ಹೈಬ್ರಿಡ್ ಇಟ್ಟುಕೊಂಡವರು ಇದ್ದರೆ ಉತ್ತರ ಕೊಡಿ. ಸಣ್ಣ ಬ್ಯಾಟರಿ ನಿಮಗೆ ಎಷ್ಟು ವರ್ಷ ಬಂತು? ಊರಿಗೆ ಹೋಗುವಾಗ ಅದರ ವೈರ್ ಬಿಚ್ಚಿಟ್ಟು ಹೋಗ್ತೀರಾ, ಇಲ್ಲ ಪಕ್ಕದ ಮನೆಯವರಿಗೆ ಕೀ ಕೊಟ್ಟು ದಿನಾ ಸ್ವಲ್ಪ ಹೊತ್ತು ರೆಡಿ ಮಾಡಿಸ್ತೀರಾ? ಕೈಯಲ್ಲಿ ಹಿಡಿಯೋ ಜಂಪ್ ಸ್ಟಾರ್ಟರ್ ಸಿಗುತ್ತಲ್ಲ, ಪುಸ್ತಕದಷ್ಟು ದೊಡ್ಡದು, ಅದು ಸಾಕಾ? ಕಂಪ್ಯೂಟರ್ ಎಬ್ಬಿಸುವಷ್ಟು ಕೊಟ್ಟರೆ ಸಾಕು ಅಂತ ನನ್ನ ಲೆಕ್ಕ. "ಡೀಸೆಲ್ ತಗೋಬೇಕಿತ್ತು" ಅನ್ನೋರು ದಯವಿಟ್ಟು ಬರೀಬೇಡಿ. ಆ ಮಾತಿಗೆ ನಮ್ಮ ಮನೆಯಲ್ಲೇ ಜನ ಇದ್ದಾರೆ.

ಭಾವನಿಗೆ ಏನೂ ಹೇಳಲ್ಲ. ಹೇಳಿ ಏನಾಗಬೇಕು? ಹಿರಿಯರು, ನಾಳೆ ಬೀಗರೂಟಕ್ಕೆ ಮತ್ತೆ ಮುಖ ನೋಡಬೇಕು. ಇಲ್ಲ, ಹೇಳ್ತೀನಿ. ಎಲ್ಲರ ಮುಂದೆಯೇ ಹೇಳ್ತೀನಿ, ಬಸ್ಸಿನ ಬ್ಯಾಟರಿ ಎಷ್ಟು ವೋಲ್ಟ್ ಭಾವ ಅಂತ ಕೇಳ್ತೀನಿ. ಕೇಳಲ್ಲ ಬಿಡಿ. ನನಗೆ ಗೊತ್ತು, ಕೇಳಲ್ಲ.

ಇದನ್ನು ಬರೀತಾ ಇರುವಾಗಲೇ ಇವರು ಎದ್ದು ಬಂದರು. "ನಾಡಿದ್ದು ದುರ್ಗಕ್ಕೆ ನಿನ್ ಗಾಡಿ ತಗೊಂಡು ಹೋಗ್ಲಾ? ಮೈಲೇಜ್ ಚೆನ್ನಾಗೈತಲ್ಲ." ಗಾಡಿ ಯಾವಾಗ ನನ್ನದಾಗುತ್ತೆ ನೋಡಿ! ಕೊಡಲ್ಲ ಅಂದೆ. ಬೆಳಗ್ಗೆ ಅಂಗಡಿ ತೆರೆಯೋ ಮೊದಲು ಬ್ಯಾಟರಿ ಅಂಗಡಿಗೆ ಹೋಗಬೇಕು. ಒಬ್ಬಳೇ ಹೋಗ್ತೀನಿ. ಅಲ್ಲೂ ಸರ್ ಎಲ್ಲಿ ಅಂತ ಕೇಳಿದರೆ ಪಕ್ಕದ ಅಂಗಡಿಗೆ ಹೋಗ್ತೀನಿ. ಬಿಲ್ ನನ್ನ ಹೆಸರಿಗೇ ಬರೆಸ್ತೀನಿ.